ರಾಣಿಯಾಗಲು ಒಂದೇ ಮನೆ ಬಾಕಿ ಇದ್ದಾಗ ಸಮಯ ಮುಗಿದ ಬ್ಲಿಟ್ಜ್ ಆಟ: ತೀರ್ಪು ಸರಿಯೇ? ಹುಡುಗನಿಗೆ ಏನು ಹೇಳಿಕೊಡಲಿ?

ಪ್ರಶ್ನೆ | ಬರೆದವರು: ಚದುರಂಗ ಕಲಿಕೆ

ಎಲ್ಲರಿಗೂ ನಮಸ್ಕಾರ. ನಾನು ಹದಿನಾರು ವರ್ಷದೊಳಗಿನ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಈಚೆಗೆ ನಡೆದ ಬ್ಲಿಟ್ಜ್ (ಕೆಲವೇ ನಿಮಿಷಗಳಲ್ಲಿ ಮುಗಿಯುವ ವೇಗದ ಚೆಸ್) ಟೂರ್ನಿಯೊಂದರ ಕೊನೆಯ ಸುತ್ತಿನಲ್ಲಿ ನನ್ನ ಹದಿನಾಲ್ಕು ವರ್ಷದ ವಿದ್ಯಾರ್ಥಿ, ಗೆಲುವು ಕೈಗೆ ಬಂದಿದ್ದ ಆಟವನ್ನು ಸಮಯ ಮುಗಿದ ಕಾರಣಕ್ಕೆ ಸೋತ. ಎದುರಾಳಿ ಅವನಿಗಿಂತ ಒಂದು ವರ್ಷ ಚಿಕ್ಕವಳು. ಇಬ್ಬರೂ ಟೂರ್ನಿಗಳಲ್ಲಿ ನಿಯಮಿತವಾಗಿ ಆಡುವವರು, ಇಬ್ಬರಿಗೂ ಒಬ್ಬರ ಆಟ ಇನ್ನೊಬ್ಬರಿಗೆ ಗೊತ್ತು. ತಲಾ 3 ನಿಮಿಷ, ಪ್ರತಿ ನಡೆಗೆ 2 ಸೆಕೆಂಡ್ ಇನ್‌ಕ್ರಿಮೆಂಟ್ (ನಡೆ ಆಡಿದಾಗ ಗಡಿಯಾರಕ್ಕೆ ಸೇರುವ ಹೆಚ್ಚುವರಿ ಸಮಯ) ಇತ್ತು. ಮೇಲಿನ ಕೆಲವು ಬೋರ್ಡ್‌ಗಳು ಎಲೆಕ್ಟ್ರಾನಿಕ್ ಬೋರ್ಡ್‌ಗಳಾಗಿದ್ದುದರಿಂದ ನಡೆಗಳ ಜೊತೆಗೆ ಪ್ರತಿ ನಡೆಗೆ ಎಷ್ಟು ಸಮಯ ಹೋಯಿತೆಂಬ ವಿವರವೂ ನನ್ನ ಬಳಿ ಇದೆ.

ಕೊನೆಯ ಸ್ಥಿತಿಯನ್ನು ಮೊದಲು ವಿವರಿಸುತ್ತೇನೆ (ಮನೆಯ ಹೆಸರಿನಲ್ಲಿ ಅಕ್ಷರ ಲಂಬ ಸಾಲನ್ನೂ ಅಂಕೆ ಅಡ್ಡ ಸಾಲನ್ನೂ ಸೂಚಿಸುತ್ತದೆ). ಹುಡುಗನದು ಬಿಳಿ. ಅವನ ರಾಜ ಎಫ್7ರಲ್ಲಿ, ಕಾಲಾಳು ಜಿ6ರಲ್ಲಿ, ಕುದುರೆ ಸಿ3ರಲ್ಲಿ ಇದ್ದವು. ಕಪ್ಪಿನ ರಾಜ ಬಿ3ರಲ್ಲಿ, ಕುದುರೆ ಸಿ4ರಲ್ಲಿ, ಕಾಲಾಳು ಎ2ರಲ್ಲಿ ಇದ್ದು, ಆ ಕಾಲಾಳು ಮುಂದಿನ ನಡೆಯಲ್ಲೇ ರಾಣಿಯಾಗುವುದರಲ್ಲಿತ್ತು. 57ನೆಯ ನಡೆಯಲ್ಲಿ ಹುಡುಗ ತನ್ನ ಕುದುರೆಯಿಂದ ಎ2ರ ಕಾಲಾಳನ್ನು ಹೊಡೆದ, ಕಪ್ಪು ರಾಜ ಆ ಕುದುರೆಯನ್ನು ಹೊಡೆಯಿತು. ಬಳಿಕ ಕಾಲಾಳು ಜಿ7ಕ್ಕೆ ಬಂತು. ಹುಡುಗಿ ಕುದುರೆಯನ್ನು ಡಿ6ಕ್ಕೆ ತಂದು ಚೆಕ್ (ರಾಜನ ಮೇಲೆ ದಾಳಿ) ಕೊಟ್ಟಳು, ಇವನು ರಾಜನನ್ನು ಜಿ6ಕ್ಕೆ ಸರಿಸಿದ, ಅವಳು ಕುದುರೆಯನ್ನು ಇ8ಕ್ಕೆ ಇಟ್ಟಳು. ಆಗ ಇವನ ಗಡಿಯಾರದಲ್ಲಿ 4 ಸೆಕೆಂಡ್ ಇತ್ತು. ಬಲಗೈಯಿಂದ ಕಾಲಾಳನ್ನು ಜಿ8ಕ್ಕೆ ತಳ್ಳಿ, ಎಡಗೈಯಿಂದ ರಾಣಿಯನ್ನು ಹುಡುಕತೊಡಗಿದ. ರಾಣಿಗಳು ಬಹಳ ಮೊದಲೇ ವಿನಿಮಯವಾಗಿದ್ದವು, ಅವನ ಬಿಳಿ ರಾಣಿ ಎದುರಾಳಿಯ ಕಡೆಯಲ್ಲಿ, ಅವಳು ಹೊಡೆದ ಕಾಯಿಗಳ ನಡುವೆ ಮಲಗಿತ್ತು. ಕೈ ಅಲ್ಲಿಗೆ ತಲುಪುವಷ್ಟರಲ್ಲಿ ಫ್ಲ್ಯಾಗ್ ಬಿತ್ತು, ಅಂದರೆ ಅವನ ಸಮಯ ಮುಗಿಯಿತು. ಹುಡುಗಿ ಗಡಿಯಾರ ನಿಲ್ಲಿಸಿ ಆರ್ಬಿಟರ್ (ತೀರ್ಪುಗಾರ) ಅವರನ್ನು ಕರೆದಳು, ಅವರು ಕಪ್ಪಿಗೆ ಗೆಲುವು ಕೊಟ್ಟರು.

ನನ್ನ ಪ್ರಶ್ನೆಗಳು ಎರಡು. ಮೊದಲನೆಯದಾಗಿ, ಒಂಟಿ ಕುದುರೆಯಿಂದ ಚೆಕ್‌ಮೇಟ್ (ರಾಜ ತಪ್ಪಿಸಿಕೊಳ್ಳಲಾಗದ ಚೆಕ್) ಮಾಡುವುದು ಸಾಧ್ಯವಿಲ್ಲ ಎಂದು ನಾವೆಲ್ಲ ಮಕ್ಕಳಿಗೆ ಹೇಳಿಕೊಡುತ್ತೇವೆ. ಹಾಗಿರುವಾಗ ಇದು ಡ್ರಾ ಆಗಬೇಕಿತ್ತಲ್ಲವೇ ಎಂದು ಹುಡುಗ ಕೇಳುತ್ತಿದ್ದಾನೆ, ಅವನಿಗೆ ನಿಯಮವನ್ನು ಖಚಿತವಾಗಿ ವಿವರಿಸಬೇಕಾಗಿದೆ. ಎರಡನೆಯದಾಗಿ, ಇಂಥ ಆಟವನ್ನು ಅವನೊಂದಿಗೆ ಕುಳಿತು ಪರಿಶೀಲಿಸುವಾಗ ಯಾವುದರ ಮೇಲೆ ಗಮನ ಇಡಬೇಕು? ಎಂಜಿನ್‌ಗೆ (ಚೆಸ್ ಆಟವನ್ನು ವಿಶ್ಲೇಷಿಸುವ ತಂತ್ರಾಂಶಕ್ಕೆ) ಹಾಕಿ ನೋಡಿದರೆ ಅವನ ನಡೆಗಳಲ್ಲಿ ದೊಡ್ಡ ತಪ್ಪೇ ಇಲ್ಲ. ಆದರೂ ಅವನು ಸೋತಿದ್ದಾನೆ, ಮತ್ತು ಆ ಸೋಲನ್ನು ದುರದೃಷ್ಟವೆಂದು ಕರೆದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಉತ್ತರ 1 | ಬರೆದವರು: ತೀರ್ಪಿನ ಮೇಜು

ಮೇಡಂ, ಆರ್ಬಿಟರ್ ಕೊಟ್ಟ ತೀರ್ಪು ಸರಿಯಾಗಿದೆ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮದ ಪ್ರಕಾರ ಒಬ್ಬರ ಸಮಯ ಮುಗಿದರೆ ಅವರು ಸೋತಂತೆ. ಇದಕ್ಕೆ ಇರುವ ವಿನಾಯಿತಿ ಒಂದೇ: ಎದುರಾಳಿಯು ಯಾವುದೇ ನಿಯಮಬದ್ಧ ನಡೆಗಳ ಸರಣಿಯಿಂದಲೂ ಚೆಕ್‌ಮೇಟ್ ಮಾಡಲು ಸಾಧ್ಯವಿಲ್ಲದ ಸ್ಥಿತಿ ಬೋರ್ಡ್ ಮೇಲಿದ್ದರೆ ಮಾತ್ರ ಆಟ ಡ್ರಾ ಆಗುತ್ತದೆ. ಇಲ್ಲಿ ‘ಯಾವುದೇ ಸರಣಿ’ ಎಂಬುದಕ್ಕೆ ಸಮಯ ಮುಗಿದವನು ತಾನಾಗಿಯೇ ತನ್ನ ರಾಜನನ್ನು ಬಲೆಗೆ ಸಿಲುಕಿಸುವ ಸರಣಿಯೂ ಸೇರುತ್ತದೆ. ಬುದ್ಧಿಯಿರುವ ಯಾರೂ ಹಾಗೆ ಆಡುವುದಿಲ್ಲ ಎಂಬ ವಾದಕ್ಕೆ ನಿಯಮದಲ್ಲಿ ಜಾಗವಿಲ್ಲ, ಏಕೆಂದರೆ ಯಾರು ಹೇಗೆ ಆಡುತ್ತಾರೆಂದು ಊಹಿಸುವ ಕೆಲಸವನ್ನು ಆರ್ಬಿಟರ್‌ಗೆ ಒಪ್ಪಿಸಿಲ್ಲ.

ಹುಡುಗನಿಗೆ ಬೋರ್ಡ್ ಮೇಲೆ ಇಟ್ಟು ತೋರಿಸಿ. ಅವನ ಕಾಲಾಳು ಜಿ8ರಲ್ಲಿ ರಾಣಿಯಾಗುವ ಬದಲು ಒಂಟೆಯಾಯಿತು ಎಂದುಕೊಳ್ಳಿ. ಆ ಒಂಟೆ ಎಚ್7ಕ್ಕೆ ಬರಲಿ, ಬಿಳಿ ರಾಜ ಎಚ್8ರ ಮೂಲೆಗೆ ಹೋಗಲಿ. ಕಪ್ಪು ರಾಜನನ್ನು ಎಫ್8ರಲ್ಲಿಟ್ಟು ಕುದುರೆಯನ್ನು ಎಫ್7ಕ್ಕೆ ತನ್ನಿ. ಕುದುರೆ ಚೆಕ್ ಕೊಡುತ್ತದೆ, ಜಿ7 ಮತ್ತು ಜಿ8 ಎರಡನ್ನೂ ಕಪ್ಪು ರಾಜ ಕಾಯುತ್ತಿದೆ, ಎಚ್7ರಲ್ಲಿ ಬಿಳಿಯ ಒಂಟೆಯೇ ದಾರಿ ಕಟ್ಟಿದೆ. ಚೆಕ್‌ಮೇಟ್. ಒಂಟಿ ಕುದುರೆ ಎದುರಿನ ಬರಿಯ ರಾಜನನ್ನು ಮೇಟ್ ಮಾಡಲಾರದು ಎಂಬುದು ನಿಜ, ಆದರೆ ಎದುರಾಳಿಯ ಬಳಿ ಒಂದು ಕಾಲಾಳು ಇದ್ದರೂ ಸಾಕು, ಅದೇ ಅವನ ರಾಜನ ದಾರಿಗೆ ಅಡ್ಡವಾಗಬಲ್ಲದು.

ಇದೇ ನಿಯಮದಿಂದ ಹೊರಡುವ ಇನ್ನೊಂದು ಸಂಗತಿಯನ್ನೂ ಅವನಿಗೆ ಹೇಳಿ, ಖಂಡಿತ ಆಸಕ್ತಿಯಿಂದ ಕೇಳುತ್ತಾನೆ. ಅವನು ರಾಣಿಯನ್ನು ಇಟ್ಟು ಗಡಿಯಾರ ಒತ್ತಿ, ಅದರ ನಂತರದ ಯಾವುದಾದರೂ ನಡೆಯಲ್ಲಿ ಸಮಯ ಮುಗಿದಿದ್ದರೆ ಆಟ ಡ್ರಾ ಆಗುತ್ತಿತ್ತು. ರಾಜ ಮತ್ತು ರಾಣಿ ಮಾತ್ರ ಇರುವವನನ್ನು ರಾಜ ಮತ್ತು ಕುದುರೆ ಸೇರಿ ಮೇಟ್ ಮಾಡುವ ಸ್ಥಿತಿಯನ್ನು ಕಟ್ಟಲು ಬರುವುದೇ ಇಲ್ಲ: ರಾಜನಿಗೆ ಅಡ್ಡವಾಗುವ ಮನೆಯಲ್ಲಿ ರಾಣಿಯನ್ನು ನಿಲ್ಲಿಸಿದರೆ ಅದು ಅಲ್ಲಿಂದಲೇ ಕುದುರೆಯನ್ನು ಹೊಡೆಯುತ್ತದೆ. ಕಾಲಾಳು ಇದ್ದರೆ ಸೋಲು, ಅದೇ ಕಾಲಾಳು ರಾಣಿಯಾಗಿದ್ದರೆ ಕನಿಷ್ಠ ಡ್ರಾ.

ದೊಡ್ಡ ಆಟಗಾರರಿಗೂ ಈ ನಿಯಮ ಹೀಗೆಯೇ ಅನ್ವಯಿಸಿದೆ. 2019ರ ಡಿಸೆಂಬರ್‌ನಲ್ಲಿ ಮಾಸ್ಕೋದಲ್ಲಿ ನಡೆದ ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್‌ನಲ್ಲಿ, ಆಗ 16 ವರ್ಷದವರಾಗಿದ್ದ ಅಲಿರೆಜಾ ಫಿರೌಜಾ ಅವರು ಮ್ಯಾಗ್ನಸ್ ಕಾರ್ಲ್‌ಸನ್ ಎದುರು ಒಂಟೆ ಮತ್ತು ಕಾಲಾಳುಗಳನ್ನು ಹೊಂದಿದ್ದಾಗ ಅವರ ಸಮಯ ಮುಗಿಯಿತು. ಕಾರ್ಲ್‌ಸನ್ ಬಳಿ ರಾಜನನ್ನು ಬಿಟ್ಟರೆ ಒಂದು ಒಂಟೆ ಮಾತ್ರ ಉಳಿದಿತ್ತು. ಗೆಲುವು ಕಾರ್ಲ್‌ಸನ್‌ಗೆ ಹೋಯಿತು, ಫಿರೌಜಾ ಸಲ್ಲಿಸಿದ ಮೇಲ್ಮನವಿ ತಿರಸ್ಕೃತವಾಯಿತು. ಹುಡುಗನಿಗೆ ತನ್ನೊಬ್ಬನಿಗೇ ಅನ್ಯಾಯವಾಯಿತೆಂಬ ಭಾವನೆ ಇದ್ದರೆ ಈ ಆಟದ ಕೊನೆಯ ಸ್ಥಿತಿಯನ್ನು ಅವನ ಮುಂದಿಡಿ.

ಇನ್ನು ಪ್ರಮೋಷನ್ (ಕೊನೆಯ ಸಾಲು ತಲುಪಿದ ಕಾಲಾಳನ್ನು ಬೇರೆ ಕಾಯಿಯಾಗಿ ಬದಲಿಸುವುದು) ಮಾಡುವ ಕ್ರಮದ ಬಗ್ಗೆ. ನನ್ನ ಅನುಭವದಲ್ಲಿ ಮಕ್ಕಳಿಗೆ ಯಾರೂ ಸರಿಯಾಗಿ ಹೇಳಿಕೊಡದೆ ಬಿಡುವ ಭಾಗ ಇದೇ. ಒಂದು ನಡೆಯನ್ನು ಎರಡು ಕೈಗಳಿಂದ ಮಾಡುವಂತಿಲ್ಲ. ನಿಮ್ಮ ವಿದ್ಯಾರ್ಥಿ ಬಲಗೈಯಿಂದ ಕಾಲಾಳನ್ನು ತಳ್ಳಿ, ಎಡಗೈಯಿಂದ ರಾಣಿಯನ್ನಿಟ್ಟು ಗಡಿಯಾರ ಒತ್ತಿದ್ದರೆ ಅದು ನಿಯಮಬಾಹಿರ ನಡೆಯೆಂದೇ ಪರಿಗಣಿತವಾಗುತ್ತಿತ್ತು. ಬ್ಲಿಟ್ಜ್‌ನಲ್ಲಿ ಮೊದಲ ನಿಯಮಬಾಹಿರ ನಡೆಗೆ ಎದುರಾಳಿಗೆ 1 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ, ಎರಡನೆಯದಕ್ಕೆ ಆಟವೇ ಹೋಗುತ್ತದೆ. ಕಾಲಾಳನ್ನು ಮೊದಲು ಎಂಟನೆಯ ಸಾಲಿಗೆ ತಳ್ಳಲೇಬೇಕೆಂಬ ನಿಯಮವೂ ಇಲ್ಲ. ರಾಣಿಯನ್ನು ನೇರವಾಗಿ ಜಿ8ರಲ್ಲಿಟ್ಟು, ಅದೇ ಕೈಯಿಂದ ಜಿ7ರ ಕಾಲಾಳನ್ನು ತೆಗೆದು, ಅದೇ ಕೈಯಿಂದ ಗಡಿಯಾರ ಒತ್ತಬಹುದು. ಎರಡು ಕ್ರಮಗಳಲ್ಲಿ ಯಾವುದು ಮೊದಲಾದರೂ ನಡೆಯುತ್ತದೆ.

ರಾಣಿ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಕಾಗಿಲ್ಲ. ಬೇಕಾದ ಕಾಯಿ ಲಭ್ಯವಿಲ್ಲದಿದ್ದಾಗ ಗಡಿಯಾರ ನಿಲ್ಲಿಸಿ ಆರ್ಬಿಟರ್ ಅವರನ್ನು ಕರೆಯುವ ಹಕ್ಕು ಆಟಗಾರನಿಗೆ ಇದೆ. ನಿಮ್ಮ ವಿದ್ಯಾರ್ಥಿಯ ವಿಷಯದಲ್ಲಿ ರಾಣಿ ಮೇಜಿನ ಮೇಲೆಯೇ ಇತ್ತಾದ್ದರಿಂದ ಆರ್ಬಿಟರ್ ಅದನ್ನು ಹೇಗೆ ನೋಡುತ್ತಿದ್ದರೋ ಅದು ಬೇರೆ ಮಾತು, ಆದರೆ ಹಕ್ಕು ಇದೆಯೆಂಬುದು ಅವನಿಗೆ ಗೊತ್ತಿರಬೇಕು. ಆನೆಯನ್ನು ತಲೆಕೆಳಗಾಗಿಟ್ಟು ರಾಣಿಯೆಂದು ಹೇಳುವ ಮನೆಯಾಟದ ಅಭ್ಯಾಸವನ್ನಂತೂ ಬಿಡಿಸಿ. 2017ರ ಕೆನಡಾ ಚಾಂಪಿಯನ್‌ಷಿಪ್‌ನ ನಿರ್ಣಾಯಕ ಬ್ಲಿಟ್ಜ್ ಆಟದಲ್ಲಿ ಹಾಗೆ ಇಟ್ಟ ಕಾಯಿಯನ್ನು ಆರ್ಬಿಟರ್ ಆನೆಯೆಂದೇ ತೀರ್ಮಾನಿಸಿದರು.

ಕಾಲಾಳನ್ನು ಜಿ8ರಲ್ಲಿ ಹಾಗೆಯೇ ಬಿಟ್ಟು ಗಡಿಯಾರ ಒತ್ತಿದ್ದರೆ ಏನಾಗುತ್ತಿತ್ತೆಂದು ಯಾರಾದರೂ ಕೇಳಬಹುದು. ಅದು ನಿಯಮಬಾಹಿರ ನಡೆ. ಎದುರಾಳಿಗೆ 1 ನಿಮಿಷ ಸಿಗುತ್ತಿತ್ತು, ಕಾಲಾಳಿನ ಜಾಗಕ್ಕೆ ರಾಣಿ ಬರುತ್ತಿತ್ತು, ಆಟ ಮುಂದುವರಿಯುತ್ತಿತ್ತು. ನಿಯಮ ಹೀಗಿದೆಯೆಂದು ತಿಳಿದಿರಲಿ, ಆದರೆ ಇದನ್ನು ಉಪಾಯವೆಂದು ಮಕ್ಕಳಿಗೆ ಕಲಿಸಬಾರದೆಂದು ನಾನು ದೃಢವಾಗಿ ನಂಬುತ್ತೇನೆ.

ಉತ್ತರ 2 | ಬರೆದವರು: ಅಂತ್ಯದಾಟ

ನಿಯಮದ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸುವಂಥದ್ದು ಏನೂ ಇಲ್ಲ. ಎರಡನೆಯ ಪ್ರಶ್ನೆಗೆ ಬರುತ್ತೇನೆ. ಮೇಡಂ, ನೀವು ನಡೆಗಳನ್ನು ಎಂಜಿನ್‌ಗೆ ಹಾಕಿ ನೋಡಿದ್ದೀರಿ. ಅದನ್ನು ಪಕ್ಕಕ್ಕಿಟ್ಟು, ಸಮಯದ ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿ ನೋಡಿ. ಬ್ಲಿಟ್ಜ್‌ನಲ್ಲಿ ಗಡಿಯಾರವೂ ಸ್ಥಿತಿಯ ಭಾಗವೇ. ಎಂಜಿನ್‌ಗೆ ಅದು ಕಾಣುವುದಿಲ್ಲವಾದ್ದರಿಂದ ಎಂಜಿನ್ ಕೊಡುವ ಅಂಕೆಗಳಲ್ಲಿ ಈ ಸೋಲಿನ ಕಾರಣ ಸಿಗಲಾರದು.

ಲೆಕ್ಕ ಹೀಗಿದೆ. 3 ನಿಮಿಷಕ್ಕೆ 59 ನಡೆಗಳ ಇನ್‌ಕ್ರಿಮೆಂಟ್ ಸೇರಿಸಿದರೆ 60ನೆಯ ನಡೆಯ ಹೊತ್ತಿಗೆ ಅವನಿಗೆ ಒಟ್ಟು 298 ಸೆಕೆಂಡ್ ಸಿಕ್ಕಿತ್ತು, ಅಂದರೆ ನಡೆಯೊಂದಕ್ಕೆ ಸುಮಾರು 5 ಸೆಕೆಂಡ್. ನೀವು ನನಗೆ ಪ್ರತ್ಯೇಕವಾಗಿ ಕಳಿಸಿದ ವಿವರದಲ್ಲಿ, ಎಂಟು ನಡೆಗಳಾದಾಗ ಅವನ ಗಡಿಯಾರ 3 ನಿಮಿಷ 4 ಸೆಕೆಂಡ್ ತೋರಿಸುತ್ತಿದೆ. ಆರಂಭ ಅವನಿಗೆ ಚೆನ್ನಾಗಿ ಗೊತ್ತು, ಕೈ ತಾನಾಗಿ ಓಡಿದೆ. ಒಂಬತ್ತನೆಯ ನಡೆಗೆ 41 ಸೆಕೆಂಡ್. ಇಪ್ಪತ್ತಮೂರನೆಯದಕ್ಕೆ 52 ಸೆಕೆಂಡ್. ಈ ಎರಡು ನಡೆಗಳಿಗೇ 93 ಸೆಕೆಂಡ್ ಹೋಗಿದೆ, ಇಡೀ ಆಟಕ್ಕೆ ಸಿಕ್ಕಿದ ಸಮಯದಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಭಾಗ. 34ನೆಯ ನಡೆಯ ಹೊತ್ತಿಗೆ ಗಡಿಯಾರದಲ್ಲಿ ಉಳಿದದ್ದು 19 ಸೆಕೆಂಡ್. ಅಲ್ಲಿಂದ ಮುಂದಿನ ಇಪ್ಪತ್ತೈದು ನಡೆಗಳನ್ನು ಅವನು ಇನ್‌ಕ್ರಿಮೆಂಟ್ ಮೇಲೆಯೇ ಬದುಕಿ ಆಡಿದ್ದಾನೆ.

ಈಗ ಆ ಎರಡು ನಡೆಗಳನ್ನು ನೋಡೋಣ. ಒಂಬತ್ತನೆಯ ನಡೆಯಲ್ಲಿದ್ದದ್ದು ಇಟಾಲಿಯನ್ ಆರಂಭದ ಶಾಂತ ಮಾದರಿ: ಬಿಳಿ ಡಿ3, ಸಿ3, ಎ4 ಆಡಿ ಕ್ಯಾಸ್ಲಿಂಗ್ (ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸುವುದು) ಮುಗಿಸಿ ಆನೆಯನ್ನು ಇ1ಕ್ಕೆ ತಂದಿದೆ, ಕಪ್ಪಿನ ಒಂಟೆ ಎ7ಕ್ಕೆ ಹಿಂದೆ ಸರಿದಿದೆ. ಇಲ್ಲಿ ಎಚ್3 ಆಡಬಹುದು, ಬಿ1ರ ಕುದುರೆಯನ್ನು ಡಿ2ಕ್ಕೂ ತರಬಹುದು. ಕಪ್ಪು ಕುದುರೆ ಜಿ4ಕ್ಕೆ ಬಂದು ಎಫ್2ರ ಮೇಲೆ ಒತ್ತಡ ಹಾಕುವುದನ್ನು ಎಚ್3 ತಡೆಯುತ್ತದೆ. ಕುದುರೆಯನ್ನು ಡಿ2ಕ್ಕೆ ತಂದರೂ, ಆ ದಾಳಿ ಬಂದಾಗ ಆನೆಯನ್ನು ಇ2ಕ್ಕೆ ಏರಿಸಿ ಕಾಯಬಹುದು. ಎರಡೂ ಒಳ್ಳೆಯ ನಡೆಗಳೇ. ಗಂಟೆಗಟ್ಟಲೆ ನಡೆಯುವ ಕ್ಲಾಸಿಕಲ್ ಆಟದಲ್ಲಿ ಇವುಗಳ ಸೂಕ್ಷ್ಮ ವ್ಯತ್ಯಾಸವನ್ನು ತೂಗಿ ನೋಡುವುದು ಸಂತೋಷದ ಕೆಲಸ. ಬ್ಲಿಟ್ಜ್‌ನಲ್ಲಿ ಅದಕ್ಕೆ 41 ಸೆಕೆಂಡ್ ಕೊಡುವುದು, ಕೊನೆಯಲ್ಲಿ ಎಂಟು ನಡೆಗಳಿಗೆ ಬೇಕಾಗುವ ಸಮಯವನ್ನು ಈಗಲೇ ಖರ್ಚು ಮಾಡಿದಂತೆ.

ಇಪ್ಪತ್ತಮೂರನೆಯದು ಎಲ್ಲರಿಗೂ ಪರಿಚಿತವಾದ ಸಂಕಟ. ಡಿ ಫೈಲ್ (ಡಿ ಅಕ್ಷರದ ಲಂಬ ಸಾಲು) ತೆರೆದಿದೆ, ಡಿ1ಕ್ಕೆ ಎ1ರ ಆನೆಯನ್ನು ತರಬೇಕೋ ಇ1ರ ಆನೆಯನ್ನು ತರಬೇಕೋ? ನಾನು ನನ್ನ ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ: ಈಗ ನಿಂತಿರುವ ಜಾಗದಲ್ಲಿ ಯಾವ ಆನೆಗೆ ಕೆಲಸವಿದೆ? ಈ ಆಟದಲ್ಲಿ ಇ1ರ ಆನೆ ಇ4ರ ಕಾಲಾಳನ್ನು ಕಾಯುತ್ತಿತ್ತು, ಕಪ್ಪಿನ ಕುದುರೆಯ ಕಣ್ಣು ಆ ಕಾಲಾಳಿನ ಮೇಲಿತ್ತು. ಎ1ರ ಆನೆ ಕಾಯುತ್ತಿದ್ದ ಎ4ರ ಕಾಲಾಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಆದ್ದರಿಂದ ಎ1ರ ಆನೆಯೇ ಬರಬೇಕು. ಹುಡುಗ ಕೊನೆಗೆ ಅದನ್ನೇ ಆಡಿದ್ದಾನೆ. ಅಂದರೆ ಅವನಿಗೆ ಉತ್ತರ ಗೊತ್ತಿತ್ತು, ಗೊತ್ತಿದೆಯೆಂಬ ನಂಬಿಕೆ ಇರಲಿಲ್ಲ. ಅವನೊಂದಿಗೆ ಕುಳಿತು ಮಾತಾಡಬೇಕಾದ ವಿಷಯ ಇದೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಿಧಾನವಾಗಿ ಯೋಚಿಸುವುದು ಒಳ್ಳೆಯ ಗುಣ. ಆದರೆ ಬ್ಲಿಟ್ಜ್‌ನಲ್ಲಿ ಅದನ್ನು ತಪ್ಪು ನಡೆ ಆಡಿದರೆ ಆಟವೇ ಹೋಗುವಂಥ ಜಾಗಕ್ಕೆ ಉಳಿಸಿಕೊಳ್ಳಬೇಕು, ಎರಡೂ ನಡೆಗಳು ಸರಿಯಿರುವ ಜಾಗದಲ್ಲಿ ಖರ್ಚು ಮಾಡಬಾರದು.

ಅಂಥ ಜಾಗ ಈ ಆಟದಲ್ಲಿ 59ನೆಯ ನಡೆ. ಡಿ6ರಿಂದ ಕುದುರೆ ಚೆಕ್ ಕೊಟ್ಟಾಗ ಎಫ್7ರ ರಾಜನಿಗೆ ಆರು ಮನೆಗಳು ತೆರೆದಿದ್ದವು. ಜಿ6, ಎಫ್8, ಇ6 ಈ ಮೂರೂ ಗೆಲ್ಲುತ್ತವೆ. ಜಿ8, ಎಫ್6, ಇ7 ಈ ಮೂರರಲ್ಲಿ ಯಾವುದಕ್ಕೆ ಹೋದರೂ ಕಾಲಾಳು ಕೈತಪ್ಪಿ ಆಟ ಡ್ರಾ ಆಗುತ್ತದೆ. ಅವನು ಒಂದೆರಡು ಸೆಕೆಂಡ್‌ನಲ್ಲಿ ಜಿ6 ಆರಿಸಿದ. ಅದಕ್ಕಾಗಿ ಅವನನ್ನು ಮನಸಾರೆ ಮೆಚ್ಚಬೇಕು, ಮೆಚ್ಚಿದ್ದನ್ನು ಅವನಿಗೆ ಹೇಳಲೂ ಬೇಕು. ಒಂಬತ್ತನೆಯ ನಡೆಗೆ 41 ಸೆಕೆಂಡ್ ಕೊಟ್ಟವನು ಇದಕ್ಕೆ ಒಂದೆರಡು ಸೆಕೆಂಡ್ ಮಾತ್ರ ಕೊಡಬೇಕಾಗಿ ಬಂತೆಂಬುದನ್ನು ಅದರ ಪಕ್ಕದಲ್ಲೇ ತೋರಿಸಿ.

ಎದುರಾಳಿ ಹುಡುಗಿಯ ಆಟವನ್ನೂ ಗಮನಿಸಿ. ಕೊನೆಯಲ್ಲಿ ಅವಳ ಗಡಿಯಾರದಲ್ಲಿ 31 ಸೆಕೆಂಡ್ ಉಳಿದಿತ್ತು. ಆಟ ಕೈಬಿಟ್ಟು ಹೋಗುತ್ತಿದ್ದರೂ ಅವಳು ಪ್ರತಿ ಬಾರಿಯೂ ಉತ್ತರಿಸಲು ಅತ್ಯಂತ ಕಷ್ಟವಾದ ಚೆಕ್‌ಗಳನ್ನೇ ಕೊಟ್ಟಿದ್ದಾಳೆ. ಅವಳು ಗೆದ್ದದ್ದು ಗಡಿಯಾರದಿಂದ ಮಾತ್ರ ಎಂದು ಹೇಳಿದರೆ ಅವಳ ಆಟಕ್ಕೆ ನ್ಯಾಯ ಮಾಡಿದಂತಾಗುವುದಿಲ್ಲ.

ಉತ್ತರ 3 | ಬರೆದವರು: ಸಾವಧಾನ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಇಷ್ಟು ಬ್ಲಿಟ್ಜ್ ಆಡಿಸುವುದೇ ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ. ಮೊದಲು ಕಂಡ ನಡೆಯನ್ನು ತಡೆದು ನಿಲ್ಲಿಸಿ ಎರಡನೆಯದನ್ನು ಹುಡುಕುವ ಶಿಸ್ತು ಈ ವಯಸ್ಸಿನಲ್ಲೇ ಬೆಳೆಯಬೇಕು. ಬ್ಲಿಟ್ಜ್ ಅದಕ್ಕೆ ವಿರುದ್ಧವಾದ ಅಭ್ಯಾಸವನ್ನು ಕೈಗೆ ಹತ್ತಿಸುತ್ತದೆ. ನಾನು ಕಲಿಸುವ ಮಕ್ಕಳಲ್ಲಿ ರಾತ್ರಿಯೆಲ್ಲ ಆನ್‌ಲೈನ್‌ನಲ್ಲಿ ಬ್ಲಿಟ್ಜ್ ಆಡಿ, ಮರುದಿನ ಕ್ಲಾಸಿಕಲ್ ಆಟದಲ್ಲಿ ಅರ್ಧ ಗಂಟೆಯೊಳಗೆ ಸೋತು ಎದ್ದು ಬರುವವರನ್ನು ನೋಡಿ ಬಹಳ ಬೇಸರಪಟ್ಟಿದ್ದೇನೆ. ಆನ್‌ಲೈನ್ ಆಟದಿಂದ ಇನ್ನೊಂದು ತೊಂದರೆಯೂ ಇದೆ: ಅಲ್ಲಿ ಕಾಲಾಳು ಎಂಟನೆಯ ಸಾಲಿಗೆ ಹೋದರೆ ರಾಣಿ ತಾನಾಗಿಯೇ ಬರುತ್ತದೆ, ನಿಯಮಬಾಹಿರ ನಡೆಯನ್ನು ಆಡಲು ಆಗುವುದೇ ಇಲ್ಲ, ಗಡಿಯಾರ ತಾನಾಗಿಯೇ ಬದಲಾಗುತ್ತದೆ. ಪರದೆಯ ಮೇಲೆ ವೇಗ ಕಲಿತ ಮಗುವಿನ ಕೈಗೆ ಮರದ ಕಾಯಿಗಳ ಅಭ್ಯಾಸ ಇರುವುದಿಲ್ಲ. ಈ ಹುಡುಗ ರಾಣಿಗಾಗಿ ತಡಕಾಡಿದ್ದಕ್ಕೂ ಅದೇ ಕಾರಣವಿರಬಹುದು. ಒಂದು ವರ್ಷ ಬ್ಲಿಟ್ಜ್ ನಿಲ್ಲಿಸಿ, ದೀರ್ಘ ಆಟಗಳನ್ನು ಮಾತ್ರ ಆಡಿಸಿ ಎಂಬುದು ನನ್ನ ಸಲಹೆ.

ಉತ್ತರ 4 | ಬರೆದವರು: ಅಂತ್ಯದಾಟ

ಸಾವಧಾನ ಅವರೇ, ರಾತ್ರಿಯೆಲ್ಲ ಆನ್‌ಲೈನ್ ಆಡುವುದರ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಮರದ ಕಾಯಿಗಳ ಬಗ್ಗೆ ಹೇಳಿದ್ದನ್ನೂ ಒಪ್ಪುತ್ತೇನೆ. ಆದರೆ ಈ ಹುಡುಗನ ತೊಂದರೆ ಅವಸರವಲ್ಲ. ಇಬ್ಬರು ಅಭ್ಯರ್ಥಿಗಳಂತೆ ನಿಂತ ಎರಡು ಒಳ್ಳೆಯ ನಡೆಗಳ ಮುಂದೆ ತೀರ್ಮಾನಕ್ಕೆ ಬರಲಾಗದೆ 41 ಸೆಕೆಂಡ್ ಕುಳಿತವನಿಗೆ ಇನ್ನಷ್ಟು ನಿಧಾನವಾಗಿ ಆಡಲು ಹೇಳಿದರೆ, ಅದೇ ಅನುಮಾನ ಕ್ಲಾಸಿಕಲ್ ಆಟದಲ್ಲಿ ಮೂವತ್ತು ನಿಮಿಷವಾಗಿ ಬೆಳೆಯುತ್ತದೆ. 40ನೆಯ ನಡೆಯ ಹತ್ತಿರ ಸಮಯದ ಒತ್ತಡಕ್ಕೆ ಸಿಕ್ಕಿ ಒದ್ದಾಡುವ ಆಟಗಾರರು ಹೀಗೆಯೇ ರೂಪುಗೊಳ್ಳುವುದು. ಅವನ ಮಟ್ಟಿಗೆ ಬ್ಲಿಟ್ಜ್ ಒಳ್ಳೆಯ ಪರೀಕ್ಷೆ. ತನಗೆ ಯಾವುದು ನಿಜವಾಗಿ ಗೊತ್ತಿದೆ, ಯಾವುದು ಗೊತ್ತಿದೆಯೆಂದು ಭಾವಿಸಿದ್ದೇನೆ ಎಂಬುದನ್ನು ಅದು ಬೇಗ ತೋರಿಸಿಕೊಡುತ್ತದೆ.

ಆದರೆ ಬ್ಲಿಟ್ಜ್ ಆಡಿ ಮರೆತುಬಿಟ್ಟರೆ ಏನೂ ಪ್ರಯೋಜನವಿಲ್ಲ. ಬ್ಲಿಟ್ಜ್‌ನಲ್ಲಿ ನಡೆಗಳನ್ನು ಬರೆದುಕೊಳ್ಳುವ ಕಡ್ಡಾಯವಿಲ್ಲ. ಹಾಗಾಗಿ ಎಲೆಕ್ಟ್ರಾನಿಕ್ ಬೋರ್ಡ್ ಇಲ್ಲದಿದ್ದರೆ ಬಹುತೇಕ ಆಟಗಳು ಆಡಿದ ಹತ್ತು ನಿಮಿಷಕ್ಕೇ ಕಳೆದುಹೋಗುತ್ತವೆ. 1970ರಲ್ಲಿ ಯುಗೊಸ್ಲಾವಿಯಾದ ಹೆರ್ಸೆಗ್ ನೋವಿಯಲ್ಲಿ ನಡೆದ ಬ್ಲಿಟ್ಜ್ ಟೂರ್ನಿಯಲ್ಲಿ ಬಾಬಿ ಫಿಷರ್ 22 ಆಟಗಳಲ್ಲಿ 19 ಅಂಕ ಗಳಿಸಿ, ಎರಡನೆಯವರಾದ ಮಿಖಾಯಿಲ್ ತಾಲ್ ಅವರಿಗಿಂತ ನಾಲ್ಕೂವರೆ ಅಂಕ ಮುಂದಿದ್ದರು. ಟೂರ್ನಿ ಮುಗಿದ ಮೇಲೆ ತಮ್ಮ ಆಟಗಳ ನಡೆಗಳನ್ನೆಲ್ಲ ಅವರು ನೆನಪಿನಿಂದಲೇ ಹೇಳಿದರೆಂಬುದು ಚೆಸ್ ವಲಯದಲ್ಲಿ ಪ್ರಸಿದ್ಧವಾದ ಸಂಗತಿ. ನಮ್ಮ ಮಕ್ಕಳಿಂದ ಅಷ್ಟನ್ನು ನಿರೀಕ್ಷಿಸಬೇಕಾಗಿಲ್ಲ. ಆದರೆ ಒಂದು ಸುತ್ತಿನ ಒಂದು ಆಟವನ್ನಾದರೂ ಅದೇ ದಿನ ನೆನಪಿನಿಂದ ಬರೆಯಲು ಹೇಳಿ. ನೆನಪು ಎಲ್ಲಿ ತಪ್ಪುತ್ತದೋ ಅಲ್ಲಿಯೇ ಆಟದ ಮೇಲಿನ ಹಿಡಿತವೂ ತಪ್ಪಿರುತ್ತದೆ, ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಪ್ರಶ್ನೆ ಕೇಳಿದವರ ಮರುಉತ್ತರ | ಚದುರಂಗ ಕಲಿಕೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ತೀರ್ಪಿನ ಮೇಜು ಅವರು ಕೊಟ್ಟ ಮೇಟ್ ಸ್ಥಿತಿಯನ್ನು ಇಂದು ಬೋರ್ಡ್ ಮೇಲೆ ಇಟ್ಟು ತೋರಿಸಿದೆ. ಹುಡುಗ ಬಹಳ ಹೊತ್ತು ನೋಡಿ, ರಾಣಿಯಿದ್ದರೆ ಏಕೆ ಆಗುವುದಿಲ್ಲವೆಂಬುದನ್ನು ತಾನೇ ಮೂಲೆಯ ಮನೆಗಳಲ್ಲಿ ಒಂದೊಂದಾಗಿ ಇಟ್ಟು ಪರೀಕ್ಷಿಸಿಕೊಂಡ. ತೀರ್ಪಿನ ಬಗ್ಗೆ ಅವನ ಮನಸ್ಸಿನಲ್ಲಿ ಈಗ ಯಾವ ಕಹಿಯೂ ಉಳಿದಿಲ್ಲ.

ಆಟವನ್ನು ನೆನಪಿನಿಂದ ಬರೆಯಲು ಹೇಳಿದೆ. 31ನೆಯ ನಡೆಯವರೆಗೆ ಸರಿಯಾಗಿ ಬರೆದ, ಅಲ್ಲಿಂದ 56ರವರೆಗೆ ಬಹುಪಾಲು ಖಾಲಿ, ಕೊನೆಯ ನಾಲ್ಕು ನಡೆಗಳು ಮತ್ತೆ ಸರಿಯಾಗಿವೆ. ಒಂಬತ್ತನೆಯ ನಡೆಯ ಬಗ್ಗೆ ಕೇಳಿದಾಗ, ಎಚ್3 ಮೊದಲ ಕ್ಷಣದಲ್ಲೇ ಹೊಳೆದಿತ್ತೆಂದೂ, ಎದುರಾಳಿ ಅದಕ್ಕೆ ಏನೋ ಸಿದ್ಧತೆ ಮಾಡಿಕೊಂಡು ಬಂದಿರಬಹುದೆಂಬ ಅನುಮಾನದಿಂದ ಕುಳಿತುಬಿಟ್ಟೆನೆಂದೂ ಹೇಳಿದ. ಅಂತ್ಯದಾಟ ಅವರು ಊಹಿಸಿದ್ದು ಸರಿಯಾಗಿಯೇ ಇತ್ತು.

ಪ್ರಮೋಷನ್‌ಗಾಗಿ ನಾವಿಬ್ಬರೂ ಒಂದು ಅಭ್ಯಾಸ ಆರಂಭಿಸಿದ್ದೇವೆ. ಗಡಿಯಾರದಲ್ಲಿ 5 ಸೆಕೆಂಡ್ ಇಟ್ಟು, ಕಾಲಾಳನ್ನು ಏಳನೆಯ ಸಾಲಿನಲ್ಲಿ ನಿಲ್ಲಿಸಿ, ರಾಣಿಯನ್ನು ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ಇಡುತ್ತೇನೆ. ಅವನು ಮೊದಲು ರಾಣಿಯನ್ನು ಕೈಗೆತ್ತಿಕೊಂಡು, ನೇರವಾಗಿ ಎಂಟನೆಯ ಸಾಲಿನಲ್ಲಿಟ್ಟು, ಕಾಲಾಳನ್ನು ತೆಗೆದು, ಅದೇ ಕೈಯಿಂದ ಗಡಿಯಾರ ಒತ್ತಬೇಕು. ಎದುರಾಳಿಯ ಸರದಿಯಿರುವಾಗಲೇ ರಾಣಿ ಎಲ್ಲಿದೆಯೆಂದು ಕಣ್ಣಿನಿಂದ ಹುಡುಕಿಟ್ಟುಕೊಳ್ಳುವುದನ್ನೂ ಸೇರಿಸಿದ್ದೇವೆ.

ಕೊನೆಯದಾಗಿ ಅವನದೇ ಒಂದು ಪ್ರಶ್ನೆ ಇದೆ. 59ನೆಯ ನಡೆಯಲ್ಲಿ ಅವನು ಲೆಕ್ಕ ಹಾಕಿರಲಿಲ್ಲವಂತೆ. ಕುದುರೆ ಎಫ್5ಕ್ಕೆ ಬಂದರೆ ಜಿ7ರ ಕಾಲಾಳಿಗೆ ಅಪಾಯ, ಆದ್ದರಿಂದ ಎಫ್5 ತನ್ನ ರಾಜನ ಹಿಡಿತದಲ್ಲಿರಬೇಕು ಎಂದಷ್ಟೇ ನೋಡಿ ಜಿ6 ಆಡಿದನಂತೆ. ಇ6ರ ರಾಜನಿಗೂ ಎಫ್5ರ ಮೇಲೆ ಹಿಡಿತವಿದೆ, ಅದು ಅವನಿಗೆ ಒಪ್ಪಿಗೆಯಾಯಿತು. ಆದರೆ ಎಫ್8ರಿಂದ ಎಫ್5 ದೂರ. ಅದು ಹೇಗೆ ಗೆಲ್ಲುತ್ತದೆಂದು ಕೇಳುತ್ತಿದ್ದಾನೆ.

ಉತ್ತರ 5 | ಬರೆದವರು: ಅಂತ್ಯದಾಟ

ಬಹಳ ಒಳ್ಳೆಯ ಪ್ರಶ್ನೆ, ಅವನಿಗೆ ನನ್ನ ಅಭಿನಂದನೆ ತಿಳಿಸಿ. ಎಫ್5ರ ಮೇಲಿನ ಹಿಡಿತ ಉಪಯುಕ್ತವಾದದ್ದು, ಆದರೆ ನಿರ್ಣಾಯಕವಾದದ್ದಲ್ಲ. ಕಾಲಾಳಿಗೆ ರಾಣಿಯಾಗಲು ಬೇಕಾಗಿರುವುದು ಒಂದೇ ನಡೆ. ಆದ್ದರಿಂದ ಕುದುರೆ ಬಂದು ಜಿ7ರ ಮೇಲೆ ದಾಳಿ ಮಾಡಿದರೆ ಸಾಲದು, ಬಿಳಿಯ ಮುಂದಿನ ನಡೆಯನ್ನೂ ಕಸಿದುಕೊಳ್ಳಬೇಕು. ಚೆಕ್ ಕೊಡುತ್ತಾ ದಾಳಿ ಮಾಡಿದರೆ ಮಾತ್ರ ಅದು ಸಾಧ್ಯ, ಇಲ್ಲವೇ ಬಿಳಿಯ ರಾಜನೇ ಕಾಲಾಳಿನ ದಾರಿಗೆ ಅಡ್ಡ ನಿಂತಿರಬೇಕು.

ಗೆಲುವನ್ನು ಕೈತಪ್ಪಿಸುವ ಮೂರು ಮನೆಗಳನ್ನು ಈ ದೃಷ್ಟಿಯಿಂದ ನೋಡಲಿ. ರಾಜ ಇ7ಕ್ಕೆ ಹೋದರೆ ಕುದುರೆ ಎಫ್5ರಿಂದ ಚೆಕ್ ಕೊಡುತ್ತದೆ, ಜೊತೆಗೆ ಜಿ7ರ ಮೇಲೂ ಕಣ್ಣಿಡುತ್ತದೆ. ರಾಜ ಸರಿಯುವಷ್ಟರಲ್ಲಿ ಕಾಲಾಳು ಹೋಗುತ್ತದೆ. ಎಫ್6ಕ್ಕೆ ಹೋದರೆ ಅದೇ ಕೆಲಸವನ್ನು ಕುದುರೆ ಇ8ರಿಂದ ಚೆಕ್ ಕೊಟ್ಟು ಮಾಡುತ್ತದೆ. ಜಿ8ಕ್ಕೆ ಹೋದರೆ ಚೆಕ್ ಬೇಕಾಗಿಯೇ ಇಲ್ಲ: ಕುದುರೆ ಎಫ್5ಕ್ಕೆ ಬಂದಾಗ ಕಾಲಾಳಿನ ದಾರಿಯಲ್ಲಿ ರಾಜನೇ ನಿಂತಿರುತ್ತದೆ, ಅದು ಪಕ್ಕಕ್ಕೆ ಸರಿದ ಕೂಡಲೇ ಕುದುರೆ ಜಿ7ನ್ನು ಹೊಡೆಯುತ್ತದೆ. ಮೂರರಲ್ಲೂ ಕೊನೆಗೆ ಬಿಳಿ ಆ ಕುದುರೆಯನ್ನು ಹೊಡೆದು ಎರಡು ರಾಜಗಳಷ್ಟೇ ಉಳಿಯುತ್ತವೆ.

ರಾಜ ಎಫ್8ರಲ್ಲಿದ್ದಾಗ ಈ ಯಾವುದೂ ನಡೆಯುವುದಿಲ್ಲ. ಎಫ್5ಕ್ಕೆ ಬಂದ ಕುದುರೆ ಚೆಕ್ ಕೊಡುವುದಿಲ್ಲ, ಜಿ8 ಖಾಲಿಯಿದೆ, ಬಿಳಿ ತಕ್ಷಣ ರಾಣಿ ಮಾಡಿಕೊಳ್ಳುತ್ತದೆ. ಜಿ8ರ ಆ ರಾಣಿ ಎ2ರ ಕಪ್ಪು ರಾಜನಿಗೆ ಚೆಕ್ ಕೊಡುವುದರಿಂದ, ಎಚ್6ಕ್ಕೆ ಹೋಗಿ ರಾಣಿಯ ಮೇಲೆ ದಾಳಿ ಮಾಡಲು ಕುದುರೆಗೆ ಸಮಯವೇ ಸಿಗುವುದಿಲ್ಲ. ಇ6ರಲ್ಲಿ ಮಾತ್ರ ಒಂದು ಎಚ್ಚರ ಬೇಕು: ಕುದುರೆ ಇ8ಕ್ಕೆ ಹೋಗಿ, ಬಿಳಿ ರಾಣಿ ಮಾಡಿಕೊಂಡ ಮೇಲೆ ಸಿ7ರಿಂದ ಒಂದು ಚೆಕ್ ಸಿಗುತ್ತದೆ. ಆದರೆ ಆ ಚೆಕ್‌ನ ಜೊತೆಗೆ ರಾಣಿಯ ಮೇಲೆ ದಾಳಿಯಿಲ್ಲ, ರಾಜ ಡಿ6ಕ್ಕೆ ಬಂದು ಕುದುರೆಯನ್ನೇ ಅಟ್ಟಬಹುದು. 4 ಸೆಕೆಂಡ್ ಉಳಿದಿರುವಾಗ ಹೆಚ್ಚುವರಿಯಾಗಿ ಒಂದು ಚೆಕ್‌ಗೆ ಉತ್ತರಿಸಬೇಕಾಗದ ಜಿ6 ಅವನ ಪಾಲಿಗೆ ಮೂರರಲ್ಲಿ ಹೆಚ್ಚು ಸುರಕ್ಷಿತವಾದ ಆಯ್ಕೆಯೇ ಆಗಿತ್ತು.